ಚಿಗಟದ ಅಕ್ಕೋರು

ನಾನು ಹಳಿಯಾಳದ ಕಾಲೇಜಿಗೆ ರಸಾಯನಶಾಸ್ತ್ರ ಕಲಿಸಲು ಸೇರಿದ ದಿನ ಅಕ್ಕೋರು ನನ್ನ ಹೆಸರು ಕೇಳಲಿಲ್ಲ, ಊರೂ ಕೇಳಲಿಲ್ಲ. ಸ್ಟಾಫ್ ರೂಮಿನ ಬಾಗಿಲಲ್ಲೇ ನಿಲ್ಲಿಸಿ ಕೇಳಿದ್ದು ಒಂದೇ ಪ್ರಶ್ನೆ.

"ನಿಮ್ಮ ಮನ್ಯಾಗ ಬ್ಯಾಳಿ ಲಗೂನ ಬೇಯತೈತೇನ್ರಿ?"

ನಾನು ಕಕ್ಕಾಬಿಕ್ಕಿಯಾದೆ. ದಾಂಡೇಲಿಯ ಮಿಲ್ಲಿನ ಕೆಲಸಗಾರನ ಮಗ ನಾನು. ಬೇಳೆ, ಒಲೆ ಎಲ್ಲ ಅಮ್ಮಿಯ ಕಾರಭಾರ. "ಬೇಯತೈತ್ರಿ" ಎಂದೆ, ಏನೋ ಒಂದು ಅನ್ನಬೇಕಲ್ಲ ಅಂತ.

"ಹಂಗಾರ ನಿಮ್ಮದು ಮೆದು ನೀರು. ನಮ್ಮೂರ ಸಾಂಬ್ರಾಣಿ ಬೋರಿನ ನೀರಾಗ ಬ್ಯಾಳಿ ಇಟ್ಟು ಹೊಲಕ್ಕ ಹೋಗಿ ಬಂದ್ರೂ ಕಾಳು ಕಾಳ ಇರತೈತಿ. ಬರ್ರಿ, ಒಳಗ ಬರ್ರಿ" ಎಂದರು. ಪರಿಚಯ ಅಷ್ಟಕ್ಕೇ ಮುಗಿಯಿತು.

ಅವರು ಪ್ರಾಣಿಶಾಸ್ತ್ರದವರು. ನೀರಿನ ಹುಚ್ಚು. ಮದುವೆಯಾಗಿರಲಿಲ್ಲ; ಸಾಂಬ್ರಾಣಿಯಲ್ಲಿದ್ದ ಅಣ್ಣನ ಮನೆಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಕೊರಳಲ್ಲಿ ಬೆಳ್ಳಿಯ ಕರಡಿಗೆಯಲ್ಲಿ ಲಿಂಗ, ಅದರ ಪಕ್ಕದಲ್ಲೇ ಕರಿ ದಾರಕ್ಕೆ ಕಟ್ಟಿದ ಒಂದು ಲೆನ್ಸು. ಯಾರ ಮನೆಯಲ್ಲಿ ನೀರು ಕೊಟ್ಟರೂ ಲೋಟವನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದ ಮೇಲೇ ಕುಡಿಯುವುದು. ಕೊಟ್ಟವರಿಗೆ ಅವಮಾನವಾಗುತ್ತದೆ ಎಂದರೆ ಅವರಿಗೆ ತಿಳಿಯುತ್ತಲೇ ಇರಲಿಲ್ಲ. ಹುಡುಗರು ಅವರನ್ನು ಚಿಗಟದ ಅಕ್ಕೋರು ಅನ್ನುತ್ತಿದ್ದರು. ಗೊತ್ತಾಗಿ ಖುಷಿಪಟ್ಟರು.

ಈ ಸಲದ ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ ಅಕ್ಕೋರು ಹೋದರು. ಕೊನೆಯ ಹೊತ್ತಿನಲ್ಲಿ ನಾನು ಆ ಕೋಣೆಯಲ್ಲಿದ್ದೆ. ಅಲ್ಲಿ ನಡೆದದ್ದನ್ನು ಹೇಳಬೇಕೆಂದೇ ಕೂತಿದ್ದೇನೆ. ಆದರೆ ಚಿಗಟಗಳ ವಿಷಯ ಹೇಳದೆ ಅವರ ವಿಷಯ ಹೇಳಲಿಕ್ಕಾಗುವುದಿಲ್ಲ.

ಚಿಗಟ ಎಂದರೆ ನಾಯಿಯ ಮೈಮೇಲಿನದಲ್ಲ, ನೀರುಚಿಗಟ. ಕೆರೆಯ ನೀರಿನಲ್ಲಿ ಕುಪ್ಪಳಿಸುತ್ತ ಈಜುವ, ಸಾಸಿವೆಗಿಂತ ಸಣ್ಣ ಜೀವ. ಹೆಸರು ಚಿಗಟವಾದರೂ ಏಡಿ, ಸಿಗಡಿಗಳ ಬಳಗದ್ದು. ಮೈಮೇಲೆ ಚಿಪ್ಪು ಇರುತ್ತದೆ. ಲ್ಯಾಬಿನ ಕಿಟಕಿಯ ಕಟ್ಟೆಯ ಮೇಲೆ ಅಗಲ ಬಾಯಿಯ ಗಾಜಿನ ಬಾಟಲಿಗಳಲ್ಲಿ ಅಕ್ಕೋರು ಅವನ್ನು ಸಾಕಿದ್ದರು. ಲೆನ್ಸಿನಲ್ಲಿ ನೋಡಿದರೆ ಮೈಯೆಲ್ಲ ಪಾರದರ್ಶಕ. ಒಳಗೆ ಹೃದಯ ಪಟಪಟ ಬಡಿದುಕೊಳ್ಳುವುದು ಕಾಣುತ್ತದೆ, ತಿಂದದ್ದು ಇಳಿಯುವುದು ಕಾಣುತ್ತದೆ, ಬೆನ್ನೊಳಗೆ ಮರಿ ಹೊರಳುವುದು ಕಾಣುತ್ತದೆ. ಕಣ್ಣು ಒಂದೇ, ಕಪ್ಪಗೆ, ಸದಾ ಅಲುಗುತ್ತಿರುತ್ತದೆ. ಬಾಟಲಿಯ ಮುಂದೆ ನಾನು ಹಾದುಹೋದರೆ ನನ್ನ ನೆರಳಿಗೆ ಎಲ್ಲವೂ ಒಮ್ಮೆಗೇ ಕೆಳಗಿಳಿಯುತ್ತಿದ್ದವು. ನಿಂತರೆ ನಿಧಾನಕ್ಕೆ ಮೇಲೆ ಬರುತ್ತಿದ್ದವು. ನನಗೆ ಮೈ ಜುಮ್ಮೆನ್ನುತ್ತಿತ್ತು.

"ಅಂಜಬ್ಯಾಡ್ರಿ, ಕೆಮಿಸ್ಟ್ರಿಯವರ. ನಮ್ಮ ಹುಡುಗ್ಯಾರು ನಿಮ್ಮನ್ನ ಗುರುತು ಹಿಡಿಯಾಕತ್ತಾರ" ಎಂದು ನಗುತ್ತಿದ್ದರು.

ಹುಡುಗಿಯರು ಎಂದದ್ದು ತಮಾಷೆಗಲ್ಲ. ಆ ಬಾಟಲಿಗಳಲ್ಲಿ ಇದ್ದದ್ದೆಲ್ಲ ಹೆಣ್ಣೇ. ನೀರು ಚೆನ್ನಾಗಿರುವ ತನಕ ನೀರುಚಿಗಟಕ್ಕೆ ಗಂಡು ಬೇಕಾಗುವುದಿಲ್ಲ. ಹೆಣ್ಣು ತನ್ನಷ್ಟಕ್ಕೆ ತಾನೇ ತನ್ನಂಥದೇ ಹೆಣ್ಣನ್ನು ಹೆರುತ್ತದೆ. ಆ ಮಗಳು ಇನ್ನೊಂದನ್ನು. ಚಿಗಳ್ಳಿಯ ಕೆರೆಯಿಂದ ಅಕ್ಕೋರು ತಂದದ್ದು ಒಂದೇ ಒಂದು ಚಿಗಟ. "ಇಷ್ಟೂ ಮಂದಿ ಒಬ್ಬಾಕೀನ ನೋಡ್ರಿ. ಆಕಿ ಸತ್ತಾಳ ಅನ್ನೂದೋ, ಇಲ್ಲ ಅನ್ನೂದೋ ನನಗ ಇನ್ನೂ ತಿಳಿದಿಲ್ಲ" ಎಂದು ಒಮ್ಮೆ ಮಾಮೂಲಿ ದನಿಯಲ್ಲಿ ಹೇಳಿ, ಡಬ್ಬಿ ಬಿಚ್ಚಿ ರೊಟ್ಟಿ ಮುರಿದರು.

ನೀರು ಕೆಡುವ ಸೂಚನೆ ಸಿಕ್ಕಾಗ ಮಾತ್ರ ಗಂಡು ಹುಟ್ಟುತ್ತವೆ. ಒಂದು ಬೆಳಿಗ್ಗೆ ನಾನು ಕ್ಲಾಸು ತೆಗೆದುಕೊಳ್ಳುತ್ತಿದ್ದಾಗ ಬಾಗಿಲಿಗೆ ಬಂದು, ಯಾರೋ ಹೋದ ಸುದ್ದಿ ತಂದವರಂತೆ ಮೆಲ್ಲಗೆ ಹೇಳಿದರು. "ಗಂಡು ಹುಟ್ಟ್ಯಾವ್ರಿ." ಕ್ಲಾಸೆಲ್ಲ ಗೊಳ್ಳೆಂದು ನಕ್ಕಿತು. ಅಕ್ಕೋರು ನಗಲಿಲ್ಲ. ಹೋಗಿ ನೀರೆಲ್ಲ ಬದಲಿಸಿದರು.

ಇನ್ನೊಂದು ಬೇಸಿಗೆಯಲ್ಲಿ ಮಳಗಿಯ ಕಡೆ ಒಂದು ಒಣಗಿದ ಕೆರೆಯಿಂದ ಮಣ್ಣಿನ ಹೆಂಟೆ ತಂದು ಬಾಟಲಿಗೆ ಹಾಕಿ ನೀರು ಸುರಿದರು. ಕೆಲವು ದಿನಕ್ಕೆ ಅದರೊಳಗೆ ಏನೋ ಕುಪ್ಪಳಿಸತೊಡಗಿತು. ಕೆಟ್ಟ ಕಾಲ ಬಂದರೆ ಚಿಗಟ ಕಪ್ಪು ಪೊರೆಯಲ್ಲಿ ಮೊಟ್ಟೆ ಕಟ್ಟಿಟ್ಟು ಸಾಯುತ್ತದಂತೆ. ಅದು ಮಣ್ಣಿನಲ್ಲಿ ವರ್ಷಗಟ್ಟಲೆ ಕಾಯುತ್ತದಂತೆ. "ನೀವು ನಾವು ಹುಟ್ಟೂ ಮೊದಲ ಮಲಗಿದ್ದವೂ ಇದರಾಗ ಇರಬಹುದ್ರಿ" ಎಂದರು. ಆಮೇಲೆ ಬಹಳ ದಿನ ನಾನು ಬೂಟಿಗೆ ಮೆತ್ತಿದ ಕೆಸರನ್ನು ಮನೆಯ ಬಚ್ಚಲಲ್ಲಿ ತೊಳೆಯುತ್ತಿರಲಿಲ್ಲ. ವಿಜ್ಞಾನ ಓದಿದವನು ಹೀಗೆ ಮಾಡಬಾರದು, ಗೊತ್ತು. ನೀವೂ ಆ ಬಾಟಲಿ ನೋಡಿದ್ದರೆ ಹೀಗೇ ಮಾಡುತ್ತಿದ್ದಿರಿ.

ಪ್ರತಿ ವರ್ಷ ಹೊಸ ಹುಡುಗರು ಬಂದಾಗ ಅಕ್ಕೋರದ್ದೊಂದು ಪದ್ಧತಿ. ಎಲ್ಲರೂ ತಂತಮ್ಮ ಮನೆಯ ಕುಡಿಯುವ ನೀರು ಒಂದೊಂದು ಬಾಟಲಿ ತರಬೇಕು. ಮುಂಡಗೋಡ, ಜೋಯಿಡಾ, ದಾಂಡೇಲಿ, ಸುತ್ತಲಿನ ಹಳ್ಳಿಗಳು, ಎಲ್ಲ ನೀರೂ ಕಟ್ಟೆಯ ಮೇಲೆ ಸಾಲಾಗಿ ನಿಲ್ಲುತ್ತಿತ್ತು. ಪ್ರತಿಯೊಂದಕ್ಕೂ ಕೆಲವು ಚಿಗಟ ಬಿಟ್ಟು, "ನಿಮ್ಮ ನೀರು ಏನ ಹೇಳತೈತಿ ಕೇಳೂಣು" ಅನ್ನುತ್ತಿದ್ದರು. ಎರೆಭೂಮಿಯ ಗಡಸು ನೀರಿನಲ್ಲಿ ಸುಣ್ಣದ ಅಂಶ ಹೆಚ್ಚು, ಚಿಗಟ ಪೊರೆ ಬಿಟ್ಟರೆ ಹೊಸ ಚಿಪ್ಪು ಬೇಗ ಗಟ್ಟಿಯಾಗುತ್ತದೆ. ಜೋಯಿಡಾ ಕಡೆಯ ಕೆಂಪುಕಲ್ಲಿನ ಮೆದು ನೀರಿನಲ್ಲಿ ಚಿಪ್ಪು ತೆಳು, ಮರಿ ಕಡಿಮೆ. ಆದರೆ ಬದುಕುತ್ತವೆ. ಯಾರ ನೀರಿನಲ್ಲೂ ಅವು ಪಟ್ಟನೆ ಸತ್ತದ್ದಿಲ್ಲ.

ಶೇವಂತಿ ಬರುವ ತನಕ.

ಶೇವಂತಿ ಜೋಯಿಡಾ ತಾಲೂಕಿನ ಕಾಡಿನೊಳಗಿನ ಊರಿನವಳು. ಮನೆಮಾತು ಕೊಂಕಣಿ. ಹಳಿಯಾಳದಲ್ಲಿ ಹಾಸ್ಟೆಲಿನಲ್ಲಿದ್ದಳು. ಮಾತು ಕಡಿಮೆ, ಬರವಣಿಗೆ ಅಚ್ಚುಕಟ್ಟು. ಅವಳ ಬಾಟಲಿಯ ನೀರು ಎಲ್ಲಕ್ಕಿಂತ ತಿಳಿಯಾಗಿತ್ತು. ಅದಕ್ಕೆ ಬಿಟ್ಟ ಚಿಗಟಗಳು ಮೊದಲು ಗಿರಗಿರ ತಿರುಗಿದವು. ಆಮೇಲೆ ಒಂದು ಪಕ್ಕಕ್ಕೆ ವಾಲಿ ಇಳಿದವು. ಮಧ್ಯಾಹ್ನದ ಹೊತ್ತಿಗೆ ತಳದಲ್ಲಿ ಬೆಳ್ಳಗೆ ಬಿದ್ದಿದ್ದವು. ಒಳಗಿನ ಹೃದಯ ನಿಂತದ್ದು ಲೆನ್ಸಿನಲ್ಲಿ ಎಲ್ಲರೂ ನೋಡಿದರು. ಅಕ್ಕೋರೇ ಸರತಿಯಲ್ಲಿ ನಿಲ್ಲಿಸಿ ತೋರಿಸಿದ್ದರು.

"ಊರಿಗೆ ಹೋದಾಗ ಇನ್ನೊಮ್ಮೆ ತಗೊಂಡು ಬಾ, ತಂಗಿ" ಎಂದರು. ತಂದಳು. ಸತ್ತವು. ಮತ್ತೊಮ್ಮೆ ತಂದಳು. ಮೊದಲಿಗಿಂತ ಬೇಗ ಸತ್ತವು. ನಾನು ಆ ನೀರನ್ನು ಪರೀಕ್ಷೆಗೆ ಹಚ್ಚಿದೆ. ಗಡಸುತನ, ಹುಳಿ, ಕಬ್ಬಿಣ, ಉಪ್ಪು ಎಲ್ಲ ನೋಡಿದೆ. ಮೆದು ನೀರು, ತುಸು ಹುಳಿ, ಅಷ್ಟೇ. "ಬಂಗಾರದಂಥ ನೀರು" ಎಂದು ಬರೆದುಕೊಟ್ಟೆ. ಬಂಗಾರದಂಥ ನೀರಿನ ತಳದಲ್ಲಿ ಹೆಣಗಳು ಬಿದ್ದಿದ್ದವು.

ಹಾಸ್ಟೆಲಿನಲ್ಲಿ ಕುಡಿಯುವ ನೀರು ತುಂಬುವುದು ಹುಡುಗಿಯರ ಪಾಳಿ. ಶೇವಂತಿಯ ಪಾಳಿಯ ದಿನ ಕೊಡ ತುಂಬಿದ್ದು ತುಂಬಿದಂತೆಯೇ ಉಳಿಯತೊಡಗಿತು. ಕೊಡವೂ ಹಾಸ್ಟೆಲಿನದೇ, ನಳವೂ ಅದೇ ನಳ. ಆದರೂ ಮಾತು ಹಬ್ಬಿತು. "ನೀರಾಗೇನಿಲ್ಲಂತ. ಆಕಿ ಕೈಯಾಗ ಐತಂತ." ಮುಂಡಗೋಡದಿಂದ ಅವಳನ್ನು ನೋಡಲು ಬರಬೇಕಾಗಿದ್ದ ಗಂಡಿನ ಕಡೆಯವರು ಬರಲಿಲ್ಲ. ಹುಡುಗಿ ನೀರು ಕೊಟ್ಟರೆ ಜೀವ ಹೋಗುತ್ತದೆ ಎಂಬಲ್ಲಿಗೆ ಕಥೆ ಬೆಳೆದಿತ್ತು. ಒಂದು ದಿನ ಶೇವಂತಿ ಸ್ಟಾಫ್ ರೂಮಿಗೆ ಬಂದು ಕೈಗಳನ್ನು ಮುಂದೆ ಚಾಚಿ ನಿಂತಳು.

"ಅಕ್ಕೋರ, ನನ್ನ ಕೈ ನೋಡ್ರಿ. ಲೆನ್ಸಿನ್ಯಾಗ ನೋಡ್ರಿ. ಏನ ಐತ್ರಿ ಇದರಾಗ?"

ಅಕ್ಕೋರ ಮುಖ ಸುಣ್ಣ ಬಳಿದ ಹಾಗಾಯಿತು. ನೀರಿನ ಹುಚ್ಚಿನಲ್ಲಿ ತಾವೇ ಏನು ಶುರು ಮಾಡಿದ್ದೇವೆ ಎಂಬುದು ಆಗ ಅವರಿಗೆ ತಿಳಿಯಿತು. "ರವಿವಾರ ನಿಮ್ಮ ಊರಿಗೆ ಹೋಗೂಣು" ಎಂದರು. ನನ್ನ ಕಡೆ ತಿರುಗಿ, "ನೀವೂ ಬರ್ರಿ. ಬಂಗಾರದ ಸರ್ಟಿಫಿಕೇಟ್ ಕೊಟ್ಟವರು" ಎಂದರು. ಸಿಟ್ಟು ಬಂತು. ಹೋದೆ.

ದಾರಿಯುದ್ದಕ್ಕೂ ಚಿಗಟದ ಬಾಟಲಿಯನ್ನು ಸೆರಗಿನಲ್ಲಿ ಮುಚ್ಚಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಬಸ್ಸು ಕಾಡು ಹೊಕ್ಕ ಮೇಲೆ ಹೊರಗೆ ಮಂಜು. ಶೇವಂತಿ ಕಿಟಕಿಗೆ ತಲೆ ಆನಿಸಿ ಕೂತಿದ್ದಳು. ಪಕ್ಕದ ಮುದುಕಿಯೊಬ್ಬಳು ಬಾಟಲಿಯನ್ನು ಇಣುಕಿ ನೋಡಿ, ಏನನ್ನೋ ಗೊಣಗಿ ಬೇರೆ ಸೀಟಿಗೆ ಹೋದಳು.

ಊರಿನ ನೀರು ಬರುವುದು ಮನೆಯ ಹಿಂದಿನ ಒರತೆಯಿಂದ. ಅಕ್ಕೋರು ತಾವೇ ಬಗ್ಗಿ ಒಂದು ಗಾಜಿನ ಲೋಟ ತುಂಬಿ ಚಿಗಟ ಬಿಟ್ಟರು. ಒಳಗೆ ಹೋಗಿ, ಕುಡಿಯಲು ಇಟ್ಟಿದ್ದ ಕೊಡದಿಂದ ಇನ್ನೊಂದು ಲೋಟ ತುಂಬಿ ಅದಕ್ಕೂ ಬಿಟ್ಟರು. ಎರಡನ್ನೂ ಜಗಲಿಯ ಮೇಲೆ ಇಟ್ಟು ಊಟಕ್ಕೆ ಕೂತೆವು. ಅನ್ನ, ಸಾರು. ಕೈತೊಳೆದು ಬಂದು ನೋಡಿದರೆ ಒರತೆಯ ನೀರಿನಲ್ಲಿ ಎಲ್ಲ ಕುಪ್ಪಳಿಸುತ್ತಿವೆ. ಕೊಡದ ನೀರಿನಲ್ಲಿ ಒಂದೊಂದೇ ಗಿರಗಿರ ತಿರುಗುತ್ತ ಇಳಿಯುತ್ತಿವೆ.

ಅದನ್ನು ನೋಡಿದ್ದೇ ತಡ, ಶೇವಂತಿಯ ತಾಯಿ ಬಿಕ್ಕುತ್ತ ಒಳಗೆ ಓಡಿದಳು. ಕೊಡವನ್ನು ಅಂಗಳಕ್ಕೆ ತಂದು ಬೋರಲು ಹಾಕಿ, ಹುಣಸೆಹಣ್ಣು ತಗೊಂಡು ತಿಕ್ಕತೊಡಗಿದಳು. ಒಳಗೂ ಹೊರಗೂ. ತಾಮ್ರದ ಕೊಡ, ಅವಳ ತವರಿನಿಂದ ಬಂದದ್ದು. ತಿಕ್ಕಿದಂತೆ ಎಳೆಯ ಕೆಂಪಿಗೆ ಹೊಳೆಯಿತು.

ಅಕ್ಕೋರು ಎದ್ದು ನಿಂತರು. "ಆಕೀನ ಕೇಳು, ಇದನ್ನ ಯಾವಾಗ ಯಾವಾಗ ತಿಕ್ಕತಾಳ ಅಂತ."

ಶೇವಂತಿ ಕೊಂಕಣಿಯಲ್ಲಿ ಕೇಳಿ, ತಾಯಿಯ ಉತ್ತರವನ್ನು ನಮಗೆ ಹೇಳಿದಳು. "ದಿನಾ ಪ್ಲಾಸ್ಟಿಕ್ ಕೊಡದ ನೀರ ಕುಡಿಯೂದ್ರಿ. ಅಕ್ಕೋರು ನೀರು ನೋಡತಾರ ಅಂತ ಇದನ್ನ ಇಳಿಸಿ ಚಂದಂಗ ತಿಕ್ಕಿ, ರಾತ್ರಿಪೂರ್ತಿ ಇದರಾಗ ನೀರಿಟ್ಟು ಕಳಿಸಿದ್ಲಂತ್ರಿ. ಸತ್ವು ಅಂತ ತಿಳಿದ ಮ್ಯಾಲ, ಕೊಡ ಮೈಲಿಗಿ ಐತೇನೋ ಅಂತ ಇನ್ನೂ ಜೋರಾಗಿ ತಿಕ್ಕಿದ್ಲಂತ್ರಿ. ಇವತ್ತೂ ನೀವು ಬರ್ತೀರಿ ಅಂತ ತಿಕ್ಕ್ಯಾಳ."

ಅಕ್ಕೋರು ಮೆಟ್ಟಿಲ ಮೇಲೆ ಕುಸಿದು ಕೂತರು. ಮೆದು ನೀರು, ತುಸು ಹುಳಿ. ಅದು ತಾಮ್ರವನ್ನು ಕರಗಿಸುತ್ತದೆ. ತಿಕ್ಕದೆ ಬಿಟ್ಟರೆ ಒಳಗೊಂದು ಕಪ್ಪು ಪದರ ಕಟ್ಟಿಕೊಂಡು ತಡೆಯುತ್ತಿತ್ತು, ಹುಣಸೆಹಣ್ಣು ಅದನ್ನೂ ಕಿತ್ತುಹಾಕಿತ್ತು. ನಮಗೆ ಏನೂ ಮಾಡದ ಅಷ್ಟು ತಾಮ್ರ ಚಿಗಟಕ್ಕೆ ವಿಷ. "ಇದೇ ಕೊಡದಾಗ ನಮ್ಮ ಬೋರಿನ ನೀರು ಇಟ್ಟಿದ್ರ ಆ ಸುಣ್ಣ ಇವನ್ನ ಕಾಯ್ತಿತ್ತು. ಪಾಪ, ನಮಗ ಮರ್ಯಾದಿ ಮಾಡಾಕ ಹೋಗಿ ಮಗಳ ಕೈಗೆ ವಿಷ ಹಚ್ಯಾಳ್ರಿ ಈಕಿ" ಎಂದು ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನನ್ನ ಪರೀಕ್ಷೆಯಲ್ಲಿ ತಾಮ್ರ ಹುಡುಕಬೇಕೆಂದು ನನಗೆ ಹೊಳೆದಿರಲಿಲ್ಲ. ಆಮೇಲೆ ಹುಡುಕಿದಾಗ ಸಿಕ್ಕಿತು.

ಅಷ್ಟಕ್ಕೆ ಮುಗಿಯಬೇಕಿತ್ತು. ಅಕ್ಕೋರು ಇಡೀ ಕಾಲೇಜನ್ನು ಕೂಡಿಸಿ, ಕೊಡ ತರಿಸಿ, ಎಲ್ಲ ಬಿಡಿಸಿ ಹೇಳಿದರು. ಚಪ್ಪಾಳೆ ಬಿತ್ತು. ಶೇವಂತಿ ತಲೆ ಎತ್ತಿ ನಿಂತಿದ್ದಳು. ಊಟದ ಹೊತ್ತಿಗೆ ಅವಳು ತುಂಬಿದ ಕೊಡಕ್ಕೆ ಒಬ್ಬರೂ ಕೈ ಹಾಕಲಿಲ್ಲ.

"ಗೊತ್ತೈತ್ರಿ ಸರ, ತಾಮ್ರ ಅಂತ ಗೊತ್ತೈತಿ" ಎಂದಳು ಒಬ್ಬಳು ಜಾಣ ಹುಡುಗಿ ನನ್ನ ಮುಂದೆ. "ಆದ್ರೂ ಮನಸ್ಸು ಒಪ್ಪವಲ್ದು."

ಅಂದಿನಿಂದ ಅಕ್ಕೋರು ಶೇವಂತಿ ಕೊಟ್ಟ ನೀರನ್ನಲ್ಲದೆ ಕಾಲೇಜಿನಲ್ಲಿ ಬೇರೆ ನೀರು ಮುಟ್ಟಲಿಲ್ಲ. ಎಲ್ಲರೂ ನೋಡುವಂತೆ, ಲೋಟವನ್ನು ಬೆಳಕಿಗೆ ಹಿಡಿಯದೆ, ಗಟಗಟ ಕುಡಿಯುತ್ತಿದ್ದರು. ಅವಳ ಓದು ಮುಗಿದ ಮೇಲೆ ಅದೇ ಲ್ಯಾಬಿನಲ್ಲಿ ಕೆಲಸ ಕೊಡಿಸಿದರು. ಜನ ಅದಕ್ಕೂ ಉತ್ತರ ಕಂಡುಕೊಂಡರು. "ಅಕ್ಕೋರಿಗೆ ಏನೂ ಆಗೂದಿಲ್ಲ. ಅವರ ಕೊರಳಾಗ ಲಿಂಗ ಐತಿ." ಹೊಸ ಹುಡುಗರು ಸೇರಿದ ವಾರದಲ್ಲೇ ಹಳಬರಿಂದ ಕಥೆ ಕೇಳುತ್ತಿದ್ದರು. ನಾನೂ ಅವಳ ಕೈಯಿಂದ ಕುಡಿಯುತ್ತಿದ್ದೆ. ಖರೆ ಹೇಳುತ್ತೇನೆ, ಪ್ರತಿ ಸಲವೂ ಮೊದಲ ಗುಟುಕಿಗೆ ಎದೆ ಧಸಕ್ಕೆನ್ನುತ್ತಿತ್ತು. ತಿಳಿವಳಿಕೆ ತಲೆಯಲ್ಲಿರುತ್ತದೆ, ಗಂಟಲಿಗೆ ಅದು ಇಳಿಯುವುದಿಲ್ಲ.

ನಿವೃತ್ತರಾದ ಮೇಲೂ ಅಕ್ಕೋರು ವಾರಕ್ಕೊಮ್ಮೆ ಲ್ಯಾಬಿಗೆ ಬಂದು, ಶೇವಂತಿಯ ಕೈಯಲ್ಲಿ ನೀರು ಕುಡಿದು ಹೋಗುತ್ತಿದ್ದರು. ಹೋದ ವರ್ಷ ಅವರ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿತು. ಹುಬ್ಬಳ್ಳಿಯ ಡಾಕ್ಟರು ನೀರಿಗೂ ಇದಕ್ಕೂ ಏನೂ ಸಂಬಂಧವಿಲ್ಲ ಎಂದು ಬಾಯಿಬಿಟ್ಟು ಹೇಳಿ ಮನೆಗೆ ಕಳಿಸಿದರು. ಕೇಳುವವರು ಯಾರು? ಅಕ್ಕೋರ ಅಣ್ಣನ ಹೆಂಡತಿ, ಅವರನ್ನು ಮಗುವಿನಂತೆ ನೋಡಿಕೊಂಡ ವೈನಿಯೇ, ನೋಡಲು ಬಂದವರೆದುರು ಹಣೆ ಚಚ್ಚಿಕೊಂಡರು. "ಬ್ಯಾಡ ಬ್ಯಾಡ ಅಂದ್ರೂ ಇಷ್ಟು ವರ್ಷ ಆಕಿ ಕೈಯಾಗಿನ ನೀರು ಕುಡದ್ರು. ಈಗ ನೋಡ್ರಿ." ಮಾತು ಹಳಿಯಾಳದ ಪೇಟೆ ಮುಟ್ಟಿತು. ಶೇವಂತಿ ಸಾಂಬ್ರಾಣಿಗೆ ಹೋಗುವುದನ್ನು ಬಿಟ್ಟಳು.

ಕೊನೆಯ ದಿನ ಮಧ್ಯಾಹ್ನ ನಾನು ಹೋದಾಗ ಅಕ್ಕೋರು ಬೆಳಗಿನಿಂದ ನೀರು ಮುಟ್ಟಿಲ್ಲವೆಂದು ಮನೆಯೆಲ್ಲ ಕಂಗಾಲಾಗಿತ್ತು. ವೈನಿ ಚಮಚ ಹಿಡಿದು ಕೂತಿದ್ದರು. ಅಕ್ಕೋರ ತುಟಿ ಒಣಗಿ ಬಿರಿದಿತ್ತು. ಮನೆಮಗಳು ಬಾಯಾರಿ ಹೋದಳು ಅನ್ನಿಸಿಕೊಳ್ಳುವುದು ಆ ಮನೆಗೆ ಸಣ್ಣ ಮಾತಲ್ಲ. ಅಕ್ಕೋರು ನನ್ನನ್ನು ನೋಡಿ, "ಶೇವಂತೀನ ಕರಕೊಂಡು ಬರ್ರಿ" ಎಂದರು.

ನಾನು ಹಳಿಯಾಳಕ್ಕೆ ಹೋಗಿ ಹೇಳಿದೆ. ಶೇವಂತಿ ಗೋಡೆಗೆ ಆನಿಕೊಂಡಳು.

"ಸರ, ಅವರು ಹೆಂಗೂ ಹೊಂಟಾರ. ನಾ ನೀರು ಕೊಟ್ಟ ಮ್ಯಾಲ ಹೋದ್ರ ನಾ ಈ ಊರಾಗ ಹೆಂಗ ಬಾಳ್ವೆ ಮಾಡ್ಲಿ?"

ಆಮೇಲೆ ಅವಳೇ, "ಹೋಗದಿದ್ರ ಅವರು ಬಾಯಿ ಒಣಗಿಸಿಕೊಂಡ ಹೋಗ್ತಾರ" ಎಂದು ಚಪ್ಪಲಿ ಮೆಟ್ಟಿದಳು.

ಕೋಣೆಯಲ್ಲಿ ವೈನಿ, ಅಣ್ಣ, ನೆರೆಮನೆಯ ಇಬ್ಬರು ಹೆಂಗಸರು, ನಾನು. ಶೇವಂತಿ ಸ್ಟೀಲ್ ತಂಬಿಗೆಯಲ್ಲಿ ನೀರು ತುಂಬಿ, ಒಂದು ಲೋಟ ಹಿಡಿದು ಬಂದಳು. ಎಲ್ಲರೂ ಗೋಡೆಯ ಕಡೆಗೆ ಸರಿದರು. ಅಕ್ಕೋರು ಬೆರಳೆತ್ತಿ ವೈನಿಯನ್ನು ತೋರಿಸಿದರು.

"ನನಗಲ್ಲ. ಮೊದಲ ವೈನೀಗೆ ಕೊಡು. ಎಲ್ಲಾರಿಗೂ ಕೊಡು. ಅವರು ಕುಡದ ಮ್ಯಾಲ ನನಗ."

ವೈನಿ ಸೆರಗು ಬಾಯಿಗೆ ಒತ್ತಿಕೊಂಡರು. ಅಕ್ಕೋರು ಬೆರಳು ಇಳಿಸಲಿಲ್ಲ. ಆ ಬೆರಳು ಗಾಳಿಯಲ್ಲಿ ಹಾಗೇ ನಿಂತಿತ್ತು. ಎಷ್ಟು ಹೊತ್ತು ಅಂತ ಹೇಳಲಾರೆ. ಕೊನೆಗೆ ವೈನಿ ಕಣ್ಣು ಮುಚ್ಚಿ ಲೋಟ ತೆಗೆದುಕೊಂಡರು. ಗುಟುಕು ಇಳಿದ ಸದ್ದು ನಮಗೆಲ್ಲ ಕೇಳಿಸಿತು. ಆಮೇಲೆ ಅಣ್ಣ. ಆಮೇಲೆ ಆ ಇಬ್ಬರು ಹೆಂಗಸರು. ಒಬ್ಬಳ ಹಲ್ಲು ಲೋಟಕ್ಕೆ ಕಟಕಟ ಬಡಿಯುತ್ತಿತ್ತು. ಆಮೇಲೆ ನಾನು. ಅಕ್ಕೋರು ಒಬ್ಬೊಬ್ಬರ ಗಂಟಲನ್ನೂ ರೆಪ್ಪೆ ಬಡಿಯದೆ ನೋಡುತ್ತಿದ್ದರು. ಆ ನೋಟಕ್ಕೆ ನನ್ನ ಮೈಯೂ ಗಾಜಾಗಿದೆ ಅನ್ನಿಸಿತು.

ಶೇವಂತಿ ಲೋಟ ತುಂಬಿ, ಅವರ ತಲೆಯನ್ನು ತನ್ನ ತೋಳಿನ ಮೇಲೆ ಎತ್ತಿಕೊಂಡು ತುಟಿಗೆ ಹಿಡಿದಳು. ಅಕ್ಕೋರು ಬಾಯಿ ತೆರೆಯಲಿಲ್ಲ.

"ಕುಡೀರಿ ಅಕ್ಕೋರ."

ಸಣ್ಣಗೆ ತಲೆ ಅಲ್ಲಾಡಿಸಿದರು. ತುಟಿಗಳನ್ನು ಇನ್ನೂ ಬಿಗಿದರು. "ಮಾತು ಕೊಟ್ಟಿದ್ದಿಯಲ್ಲವಾ, ನಾವೆಲ್ಲಾ ಕುಡದೀವಲ್ಲ" ಎಂದು ವೈನಿ ಅಳುತ್ತ ಗದರಿದರು. ಅಕ್ಕೋರು ವೈನಿಯನ್ನು ನೋಡಿದರು, ಅಷ್ಟೇ. ಶೇವಂತಿಗೆ ನಮ್ಮೆಲ್ಲರಿಗಿಂತ ಮೊದಲು ಅರ್ಥವಾಯಿತು. ಲೋಟವನ್ನು ಇನ್ನಷ್ಟು ಬಾಗಿಸಿದಳು.

"ಒಂದ ಹನಿ, ಅಕ್ಕೋರ. ಮಂದಿ ಏನಾರ ಅನ್ಲಿ. ನನಗೇನೂ ಆಗೂದಿಲ್ಲ. ಒಂದ ಹನಿ."

ನೀರು ತುಟಿಯ ಅಂಚಿನಿಂದ ಗದ್ದಕ್ಕೆ, ಗದ್ದದಿಂದ ದಿಂಬಿಗೆ ಇಳಿಯಿತು. ಒಳಗೆ ಒಂದು ಹನಿಯೂ ಹೋಗಲಿಲ್ಲ. ಹೊತ್ತು ಇಳಿಯುವ ಮೊದಲು ಅಕ್ಕೋರು ಹಾಗೇ, ಬಾಯಿ ಬಿಗಿಹಿಡಿದುಕೊಂಡೇ ಹೋದರು.

ಓಣಿಯ ಹೆಂಗಸರು ಬಂದು ಬಾಗಿಲಲ್ಲಿ ನೆರೆದರು. ಕೋಣೆಯೊಳಗೆ ಲೋಟ ಹಿಡಿದು ನಿಂತಿದ್ದ ಶೇವಂತಿಯನ್ನು ನೋಡಿ ಅವರ ಕಣ್ಣುಗಳು ಒಂದನ್ನೊಂದು ಹುಡುಕಿದವು. "ಕೊನೀಗೆ ನೀರು ಕೊಟ್ಟಾಕಿ ಈಕೀನ?" ಎಂದಳು ಒಬ್ಬಳು.

ವೈನಿ ನಾದಿನಿಯ ಒದ್ದೆ ಗದ್ದವನ್ನು ತಮ್ಮ ಸೆರಗಿನಿಂದ ಒರೆಸಿ, ಎದ್ದು ಬಾಗಿಲಿಗೆ ಅಡ್ಡ ನಿಂತರು.

"ನಮ್ಮ ನಾದಿನಿ ಒಂದ ಹನಿ ಕುಡೀಲಿಲ್ಲ. ಕುಡದಾವ್ರು ನಾವು."